ಬಜ್ಜಿಗೆ ಮಹಾಪ್ರಾಣ ಬೇಡ

ನಮ್ಮ ಚಿಕ್ಕಮಾವನವರಿಗೆ ಮೂಗಿನ ತುದಿಯಲ್ಲಿ ಕೋಪ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮೂಗಿನ ತುದಿಯಲ್ಲಿ ಇದ್ದದ್ದು ಕನ್ನಡಕ. ಕೋಪ ಮಿಕ್ಕ ಎಲ್ಲ ಕಡೆಯೂ ಇತ್ತು! ಬೆಳಿಗ್ಗೆ ಹಾಲಿನವನ ಮೇಲೆ, ಆಮೇಲೆ ಪೇಪರಿನ ಮೇಲೆ, ಮಧ್ಯಾಹ್ನ ಡಯಲ್ ಟೋನ್ ಬಾರದ ಫೋನಿನ ಮೇಲೆ, ಸಂಜೆ ಸ್ಕೂಲಿನಿಂದ ದಣಿದು ಬರುವ ನನ್ನ ಮೇಲೆ. ನಾನೇನು ಕಮ್ಮಿ ಎಂದುಕೊಳ್ಳಬೇಡಿ. ನನಗೂ ಕೋಪ ಬರುತ್ತದೆ. ಇದನ್ನು ಬರೆಯಲು ಕೂತ ಈ ಹೊತ್ತಿನಲ್ಲೂ ಬಂದಿದೆ.

ಚಿಕ್ಕಮಾವ ಎಂದರೆ ನನ್ನ ಗಂಡನ ಚಿಕ್ಕಪ್ಪ. ತೊಂಬತ್ತರ ದಶಕದ ಆರಂಭದಲ್ಲಿ ನಾನು ಮದುವೆಯಾಗಿ ಮಲ್ಲೇಶ್ವರದಿಂದ ಚಾಮರಾಜಪೇಟೆಯ ಆ ಮನೆಗೆ ಬಂದಾಗ ನನ್ನ ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ಮದುವೆಯಾಗದೆ ಉಳಿದ ಈ ತಮ್ಮನೇ ಅತ್ತಿಗೆಯನ್ನೂ ಅಣ್ಣನ ಮಕ್ಕಳಿಬ್ಬರನ್ನೂ ನೋಡಿಕೊಂಡಿದ್ದರು. ಹಾಗಾಗಿ ಆ ಮನೆಯಲ್ಲಿ ಅವರಿಗೆ ಎದುರು ಮಾತಾಡುವ ಪದ್ಧತಿಯೇ ಇರಲಿಲ್ಲ. ನಾನು ಬರುವವರೆಗೆ!

ಒಂದು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುತ್ತ ತಿದ್ದುತ್ತ ನಿವೃತ್ತರಾದವರು ಅವರು. ನಿವೃತ್ತಿಯಾದ ಮೇಲೆ ತಿದ್ದಲು ಪ್ರೂಫ್ ಸಿಗಲಿಲ್ಲ. ಲೋಕ ಸಿಕ್ಕಿತು. ಮದುವೆಗೆ ಕರೆಯಲು ಬಂದವರ ಎದುರಿಗೇ ಜೇಬಿನಿಂದ ಕೆಂಪು ಪೆನ್ನು ತೆಗೆದು, "ಏನ್ರೀ ಇದು, 'ಆರ್ಶೀವಾದ' ಅಂತ ಹಾಕ್ಸಿದೀರಿ? 'ಆಶೀರ್ವಾದ' ಆಗ್ಬೇಕು. ಬುಡದಲ್ಲೇ ತಪ್ಪಿದ್ರೆ ಸಂಸಾರ ಹೇಗ್ರೀ ನಡೆಯುತ್ತೆ?" ಎಂದು ಗದರಿದವರು. ಬಂದ ದಂಪತಿ ಕಾಫಿ ಕೂಡ ಕುಡಿಯದೆ ಎದ್ದು ಹೋದರು. ಹೋಗುವಾಗ ಆ ಕರೆಯೋಲೆಯನ್ನೂ ವಾಪಸ್ ತೆಗೆದುಕೊಂಡು ಹೋದರು!

ಇಂಥವರಿಗೂ ಮೆಣಸಿನಕಾಯಿ ಬಜ್ಜಿಗೂ ಎಲ್ಲಿಯ ಸಂಬಂಧ ಎನ್ನುತ್ತೀರಾ? ಹೇಳುತ್ತೇನೆ. ಅದು ಶುರುವಾದದ್ದೇ ಒಂದು ಅಕ್ಷರದಿಂದ.

ನಮ್ಮ ರಸ್ತೆಯ ತುದಿಗೆ ಹೊಸದಾಗಿ ಒಂದು ಬಜ್ಜಿ ಗಾಡಿ ಬಂದಿತ್ತು. ಒಂದು ಸಂಜೆ ಚಿಕ್ಕಮಾವ ಮತ್ತು ನಾನು ಆ ಕಡೆಯಿಂದ ಬರುತ್ತಿದ್ದೆವು. ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಧೈರ್ಯ ಮಾಡಿ ಒಂದು ಪ್ಲೇಟ್ ಹೇಳಿಯೇ ಬಿಟ್ಟೆ. ಗಾಡಿಯವನು ಬಜ್ಜಿ ಸೀಳಿ, ಈರುಳ್ಳಿ ಕ್ಯಾರೆಟ್ ತುರಿ ತುಂಬಿ, ನಿಂಬೆಹಣ್ಣು ಹಿಂಡಿ, ಕಾಗದದ ಮೇಲಿಟ್ಟು ನನ್ನ ಕಡೆಗೆ ಚಾಚಿದ. ನಾನು ಕೈ ನೀಡಿದೆ. ಅಷ್ಟರಲ್ಲಿ ಚಿಕ್ಕಮಾವನವರ ಕಣ್ಣು ಬೋರ್ಡಿನ ಮೇಲೆ ಬಿತ್ತು. 'ಬಿಸಿ ಬಿಸಿ ಮೆಣಸಿನಕಾಯಿ ಭಜ್ಜಿ.'

"ಏನಯ್ಯಾ, ಬಜ್ಜಿಗೆ ಯಾಕಯ್ಯಾ ಮಹಾಪ್ರಾಣ? ಅಲ್ಪಪ್ರಾಣ ಸಾಕು. ಅಳಿಸು ಅದನ್ನ."

"ಏನ್ ಅಳಿಸ್ಬೇಕು ಸ್ವಾಮಿ?"

"ಆ 'ಭ' ಕೆಳಗೆ ಸೀಳಿದೀಯಲ್ಲ, ಅದನ್ನ. ಮಹಾಪ್ರಾಣ ಅಂತಾರೆ ಅದಕ್ಕೆ."

ಗಾಡಿಯವನು ಜಾಲರಿಯನ್ನು ಬಾಣಲೆಯ ಅಂಚಿಗೆ ಒರಗಿಸಿ, "ನನ್ನ ಪ್ರಾಣ ತಿನ್ಬೇಡಿ ಸ್ವಾಮಿ. ನೀವು ತಿನ್ನೋಕ್ ಬಂದ್ರಾ, ತಿದ್ದೋಕ್ ಬಂದ್ರಾ?" ಎಂದ.

ಸುತ್ತ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಅದೇ ಮಹಾಪರಾಧವಾಯಿತು. "ಅಷ್ಟು ಗೊತ್ತಿರೋರು ಮನೇಲೇ ಮಾಡ್ಕೊಂಡು ತಿನ್ನಿ" ಎಂದು ಅವನು ಇನ್ನೊಂದು ಒಗ್ಗರಣೆ ಹಾಕಿದ. ಚಿಕ್ಕಮಾವ ಕಿಡಿಕಿಡಿಯಾಗಿ, "ಮಾಡ್ತೀನಿ ಕಣೋ! ನಡಿಯಮ್ಮ ಮನೆಗೆ!" ಎಂದು ಹೊರಟೇಬಿಟ್ಟರು. ಚಾಚಿದ ಬಜ್ಜಿ ಅಲ್ಲೇ ಉಳಿಯಿತು. ಹಸಿದ ಹೆಂಗಸಿನ ಬಾಯಿಯ ಮುಂದಿನಿಂದ ಬಜ್ಜಿ ತಪ್ಪಿಸಿದವರ ಮೇಲೆ ಕೋಪ ಮಾಡಿಕೊಳ್ಳುವುದು ತಪ್ಪೇ, ನೀವೇ ಹೇಳಿ!

ಮಾರನೆಯ ಭಾನುವಾರ ಅಡುಗೆಮನೆ ಅವರ ವಶವಾಯಿತು. ಗಾಂಧಿಬಜಾರಿನಿಂದ ತಾವೇ ಆರಿಸಿ ತಂದ ಹಸಿರು ಮೆಣಸಿನಕಾಯಿ, ಕಡಲೆಹಿಟ್ಟು, ಓಂಕಾಳು, ಎಲ್ಲ ಸಾಲಾಗಿ ಕೂತವು. ಬಾಗಿಲ ಬಳಿ ನಿಂತ ನನ್ನ ಅತ್ತೆ ಮೆಲ್ಲಗೆ, "ಕಾಯಿನ ಉದ್ದಕ್ಕೆ ಸೀಳ್ಬೇಕು ಕಣಪ್ಪಾ" ಎಂದರು.

"ಸೀಳೋದು ಗಾಡಿಯವರು ಅತ್ತಿಗೆ. ಖಾರ ಕಮ್ಮಿ ಮಾಡೋಕೆ. ಅದು ಮೋಸ. ನಾನು ಇಡೀ ಕಾಯಿ ಬಿಡ್ತೀನಿ."

ಬಿಟ್ಟರು. ಸೀಳದ ಮೆಣಸಿನಕಾಯಿಯ ಹೊಟ್ಟೆಯೊಳಗಿನ ಗಾಳಿ ಕಾದ ಎಣ್ಣೆಯಲ್ಲಿ ಏನು ಮಾಡುತ್ತದೆ ಎಂಬುದು ನನಗೆ ಆವತ್ತು ಗೊತ್ತಾಯಿತು. ಢಮ್! ಒಂದು ಕಾಯಿ ಸೂರಿಗೆ, ಒಂದು ಕ್ಯಾಲೆಂಡರಿಗೆ, ಎಣ್ಣೆ ಎಲ್ಲ ಕಡೆಗೂ. ಚಿಕ್ಕಮಾವ ಬಾಣಲೆಯ ಮುಚ್ಚಳವನ್ನು ಗುರಾಣಿಯಂತೆ ಹಿಡಿದು ಸ್ಟೋವ್ ಆರಿಸಲು ಹೋದರೆ ಮತ್ತೊಮ್ಮೆ ಢಮ್! ಪಕ್ಕದ ಮನೆಯವರು ಗೇಟಿನ ತನಕ ಓಡಿ ಬಂದು ಖುಷಿಯಿಂದ ಕೇಳಿದರು: "ಇಂಡಿಯಾ ಗೆದ್ಬಿಡ್ತಾ ಸಾರ್? ನಮ್ಮನೇಲಿ ಕರೆಂಟಿಲ್ಲ, ಮ್ಯಾಚ್ ನೋಡಕ್ಕಾಗ್ಲಿಲ್ಲ."

ಗೋಡೆ ಒರೆಸಿದವರು ಯಾರು? ಸ್ಟೂಲ್ ಹತ್ತಿ ಸೂರು ಉಜ್ಜಿದವರು ಯಾರು? ಭಾನುವಾರ ಒಂದೇ ರಜೆ ಇರುವ ಮೇಷ್ಟ್ರಮ್ಮ. ಅವರು ಕೆಳಗೆ ನಿಂತು, "ಅಲ್ಲೊಂದು ಹನಿ ಉಳ್ಕೊಂಡಿದೆ ನೋಡಮ್ಮ" ಎಂದು ತೋರಿಸುತ್ತಿದ್ದರು. ಪ್ರೂಫ್ ನೋಡಿದ ಕಣ್ಣಲ್ಲವೇ!

ಮುಂದಿನ ಸಲ ಸೀಳಿದರು. ಆದರೆ ತೊಳೆದ ಕಾಯಿಯನ್ನು ಒರೆಸಲಿಲ್ಲ. ಎಣ್ಣೆಗೆ ಬಿದ್ದ ಕೂಡಲೇ ಮೆಣಸಿನಕಾಯಿ ಒಂದು ಕಡೆ ಹೋಯಿತು, ಅದರ ಅಂಗಿ ಇನ್ನೊಂದು ಕಡೆ ಹೋಯಿತು. ಅದರ ಮುಂದಿನ ಸಲ ಸೋಡ ಜಾಸ್ತಿಯಾಗಿ ಬಜ್ಜಿಗಳು ಎಣ್ಣೆಯನ್ನೆಲ್ಲ ಕುಡಿದು ಸ್ಪಂಜಿನಂತೆ ಮಲಗಿದವು. ಪ್ರತಿ ಸಲವೂ ತಪ್ಪು ಕಡಲೆಹಿಟ್ಟಿನದು, ಇಲ್ಲವೇ ಎಣ್ಣೆಯದು, ಎರಡೂ ಅಲ್ಲದಿದ್ದರೆ ನನ್ನದು. "ನೀನು ಅಲ್ಲಿ ನಿಂತು ಮುಖ ಸಿಂಡರಿಸಿದ್ರೆ ಹಿಟ್ಟು ಹೇಗಮ್ಮ ಹಿಡಿಯುತ್ತೆ?"

ಇಷ್ಟಾದರೂ ಸಹಿಸಬಹುದಿತ್ತು. ನನ್ನ ಹೊಟ್ಟೆ ಉರಿದದ್ದು ಬಜ್ಜಿ ಚೆನ್ನಾಗಿ ಆಗತೊಡಗಿದಾಗ! ಹೌದು, ಒಂದು ದಿನ ಅವರಿಗೆ ಅದು ಕೈವಶವಾಗಿಬಿಟ್ಟಿತು. ಹಿಟ್ಟಿಗೆ ಸ್ವಲ್ಪ ಅಕ್ಕಿಹಿಟ್ಟು, ಒಂದು ಸೌಟು ಕಾದ ಎಣ್ಣೆ. ಕಾಯಿಯ ಒಳಗೆ ಹುಣಸೆಹಣ್ಣು, ಓಂಕಾಳು, ಉಪ್ಪು ಅರೆದು ಸವರಿದ್ದು. ಕಚ್ಚಿದರೆ ಹೊರಗೆ ಗರಿಗರಿ, ಒಳಗೆ ಹುಳಿ, ಆಮೇಲೆ ನಿಧಾನವಾಗಿ ಕಿವಿಯ ಹಿಂದಿನಿಂದ ಏರಿ ಬರುವ ಖಾರ. ಶತ್ರುವಿನ ಕೈಯಡುಗೆ ರುಚಿಯಾಗಿದ್ದರೆ ಆಗುವ ಸಂಕಟ ಅನುಭವಿಸಿದವರಿಗೇ ಗೊತ್ತು. ಬೈಯಲು ಬಾಯಿ ತೆರೆದರೆ ಬಾಯಿ ಇನ್ನೊಂದು ಬಜ್ಜಿ ಕೇಳುತ್ತಿತ್ತು.

ಆಮೇಲೆ ದಿನಾ ಸಂಜೆ ಬಜ್ಜಿ. ಗ್ಯಾಸ್ ಸಿಲಿಂಡರ್ ಬುಕ್ ಮಾಡಿ ಕಾಯಬೇಕಾಗಿದ್ದ ಕಾಲ ಅದು. ಒಂದು ಬೆಳಿಗ್ಗೆ ನಾನು ಕುಕ್ಕರ್ ಇಡಲು ಹೋದರೆ ಸ್ಟೋವ್ ಒಮ್ಮೆ ನಿಟ್ಟುಸಿರು ಬಿಟ್ಟು ಆರಿಹೋಯಿತು. ಡಬ್ಬಿಗೆ ಹಾಕಲು ಹಿಂದಿನ ಸಂಜೆಯ ತಣ್ಣನೆಯ ಬಜ್ಜಿಯ ಹೊರತು ಏನೂ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಅದನ್ನು ತೆರೆದೆನೋ ಇಲ್ಲವೋ, ಮೂರು ಕಡೆಯಿಂದ ಕೈ ಬಂದು ಡಬ್ಬಿ ಖಾಲಿ. "ನಿಮ್ಮ ಚಿಕ್ಕಮಾವನವರನ್ನ ಒಂದಿನ ನಮ್ಮನೆಗೆ ಕಳಿಸ್ರೀ" ಎಂದರು ಡ್ರಾಯಿಂಗ್ ಮೇಡಂ.

"ಧಾರಾಳವಾಗಿ ಕರ್ಕೊಂಡು ಹೋಗಿ. ವಾಪಸ್ ಕಳಿಸ್ಬೇಡಿ" ಎಂದೆ. ಅವತ್ತು ನಾನು ಮಧ್ಯಾಹ್ನ ಉಪವಾಸ.

ಇನ್ನು ನಿಜವಾಗಿ ನನ್ನ ರಕ್ತ ಕುದಿಸಿದ ಸಂಗತಿಗೆ ಬರುತ್ತೇನೆ. ನನ್ನ ನಾದಿನಿಗೆ ಗಂಡು ನೋಡುತ್ತಿದ್ದರು. ನಾನೇ ಒಂದು ಸಂಬಂಧ ತಂದೆ. ಮಲ್ಲೇಶ್ವರದಲ್ಲಿ ನಮ್ಮ ತಂದೆಯ ಸ್ನೇಹಿತರ ಮಗ. ಒಳ್ಳೆಯ ಹುಡುಗ, ಒಳ್ಳೆಯ ಮನೆ. ನಮ್ಮ ತಂದೆಯೇ ಮುಂದೆ ನಿಂತು ಅವರನ್ನು ಚಾಮರಾಜಪೇಟೆಗೆ ಕರೆತಂದರು. ನಾನು ಕೇಸರಿಬಾತು ಮಾಡಿದ್ದೆ. "ಖಾರಕ್ಕೆ ನಂದು" ಎಂದು ಚಿಕ್ಕಮಾವ ಹಟ ಹಿಡಿದಿದ್ದರು.

ಹುಡುಗ ಮಾತುಕತೆಯಲ್ಲಿ ನಯ. ನಾದಿನಿ ಬಾಗಿಲ ಸಂದಿಯಿಂದ ನೋಡಿ, "ಪರವಾಗಿಲ್ಲ ಅತ್ತಿಗೆ" ಎಂದು ಪಿಸುಗುಟ್ಟಿ ಕೆಂಪಾದಳು. ಇನ್ನೇನು ತಾಂಬೂಲದ ಮಾತು ಬರಬೇಕು. ಆಗ ಆ ಹುಡುಗ ಬಜ್ಜಿ ಎತ್ತಿಕೊಂಡ. ಮೇಲಿನ ಗರಿಗರಿ ಸಿಪ್ಪೆಯನ್ನಷ್ಟೇ ಜೋಪಾನವಾಗಿ ಬಿಡಿಸಿ ತಿಂದು, ಮೆಣಸಿನಕಾಯಿಯನ್ನು ತಟ್ಟೆಯ ಅಂಚಿಗೆ ಇಟ್ಟ. ಎರಡನೆಯದಕ್ಕೂ ಹಾಗೇ ಮಾಡಿದ.

ಚಿಕ್ಕಮಾವ ಎದ್ದು ನಿಂತರು.

"ಏನ್ರೀ ಅದು? ಒಳಗಿರೋದನ್ನ ಬಿಸಾಕಿ ಮೇಲಿಂದು ಮಾತ್ರ ತಿಂತೀರಲ್ಲ?"

"ಖಾರ ಅಷ್ಟು ಆಗಲ್ಲ ಸಾರ್" ಎಂದ ಹುಡುಗ ಪಾಪ.

"ಖಾರ ಆಗಲ್ವೋ! ನಮ್ಮ ಹುಡುಗಿಗೆ ನನಗಿಂತ ಜಾಸ್ತಿ ಕೋಪ ಇದೆ. ನಾಳೆ ಅವಳನ್ನೂ ಹೀಗೇ ತಟ್ಟೆ ಪಕ್ಕಕ್ಕೆ ಇಡ್ತೀರಾ?"

ಹುಡುಗನ ತಾಯಿ ಎದ್ದರು. ತಂದೆ ಎದ್ದರು. ನಮ್ಮ ತಂದೆ ಕೈ ಜೋಡಿಸಿ, "ಅವರು ತಮಾಷೆಗೆ ಹೇಳಿದ್ದು, ಕೂತ್ಕೊಳ್ಳಿ" ಎಂದರು. "ತಮಾಷೆ ಅಲ್ಲ!" ಎಂದು ಚಿಕ್ಕಮಾವ ತಿದ್ದಿದರು. ಅಲ್ಲೂ ತಿದ್ದಿದರು! ಅಲ್ಲಿಗೆ ಮುಗಿಯಿತು.

ನಾದಿನಿ ಕೋಣೆ ಸೇರಿ ಬಾಗಿಲು ಹಾಕಿಕೊಂಡು ಅತ್ತಳು. (ಆಮೇಲೆ ಅವಳಿಗೆ ಒಳ್ಳೆಯ ಕಡೆಯೇ ಮದುವೆಯಾಯಿತು. ಆ ಅಳಿಯ ಮೆಣಸಿನಕಾಯಿ ಇರುವ ಬೀದಿಯಲ್ಲೂ ನಡೆಯುವವರಲ್ಲ. ಅದು ಬೇರೆ ಮಾತು.) ನಮ್ಮ ತಂದೆ ತಲೆ ತಗ್ಗಿಸಿಕೊಂಡು ಬಸ್ ಸ್ಟಾಪಿನ ಕಡೆಗೆ ನಡೆದುಹೋದದ್ದನ್ನು ನಾನು ಗೇಟಿನಲ್ಲಿ ನಿಂತು ನೋಡಿದೆ. ಒಳಗೆ ಬಂದವಳೇ ಬಾಣಲೆಯನ್ನು ಎತ್ತಿ ಅಂಗಳಕ್ಕೆ ಎಸೆದೆ.

"ನಿಮ್ಮ ಬಜ್ಜಿಗೆ ಬೆಂಕಿ ಬೀಳ! ನಮ್ಮಪ್ಪ ಯಾರ ಮುಂದೇನೂ ಕೈ ಮುಗಿದೋರಲ್ಲ. ಇವತ್ತು ನಿಮ್ಮಿಂದ ಮುಗಿದ್ರು. ಇನ್ನು ನಾನು ನಿಮ್ಮ ಹತ್ರ ಮಾತಾಡಲ್ಲ!"

ಆ ದಿನದಿಂದ ಮಾತು ನಿಂತಿತು. ಒಂದೇ ಮನೆಯಲ್ಲಿ ಮಾತು ಬಿಟ್ಟು ಬದುಕುವುದು ಎಷ್ಟು ಕಷ್ಟದ ಕೆಲಸ ಎಂದು ಬಲ್ಲಿರಾ? ಅವರು, "ಅತ್ತಿಗೆ, ಸಾರಿಗೆ ಉಪ್ಪು ಕಮ್ಮಿ ಅಂತ ಹೇಳಿ" ಎನ್ನುವರು. ನಾನು, "ಅತ್ತೆ, ಉಪ್ಪಿನ ಡಬ್ಬಿ ಅಲ್ಲೇ ಇದೆ ಅಂತ ಹೇಳಿ" ಎನ್ನುವೆ. ಪಾಪ ಅತ್ತೆ ನಡುವೆ ಟೆಲಿಫೋನ್ ಎಕ್ಸ್‌ಚೇಂಜ್ ಆಗಿದ್ದರು. ಚಿಕ್ಕಮಾವ ಅಂಗಳದಿಂದ ಬಾಣಲೆ ತಂದು ತೊಳೆದು ಮೊಳೆಗೆ ತಗುಲಿಹಾಕಿದರು. ಮತ್ತೆ ಒಲೆಗೆ ಇಡಲಿಲ್ಲ. ಹಾಗೆಂದು ನನ್ನ ಕೋಪವೇನೂ ಇಳಿಯಲಿಲ್ಲ.

ಹೀಗಿರುವಾಗ ಒಂದು ದಿನ ಮಲ್ಲೇಶ್ವರದಿಂದ ಫೋನ್ ಬಂತು. ನಮ್ಮ ತಂದೆ ಪೂಜೆಗೆ ಹೂ ಕೀಳುತ್ತಿದ್ದವರು ಅಲ್ಲೇ ಕುಸಿದಿದ್ದರು. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು.

ನಮ್ಮಮ್ಮ ಅಪ್ಪನ ಹೂವಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತಮ್ಮ ಗೋಡೆಗೆ ತಲೆ ಇಟ್ಟು ಅಳುತ್ತಿದ್ದ. ದೊಡ್ಡ ಮಗಳು ನಾನು. ಪುರೋಹಿತರಿಗೆ ಹೇಳುವುದು, ಅಡುಗೆಯವರನ್ನು ಗೊತ್ತು ಮಾಡುವುದು, ಬಂದ ನೆಂಟರಿಗೆ ಹಾಸಿಗೆ, ಅಮ್ಮನಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ, ಎಲ್ಲ ಮಾಡಿದೆ. ವೈಕುಂಠ ಸಮಾರಾಧನೆಯ ದಿನ ಊಟ ಮುಗಿಸಿ ಹೊರಟವರೆಲ್ಲ, "ಗಟ್ಟಿ ಹೆಂಗಸು ಕಣ್ರೀ" ಎಂದು ಹೊಗಳಿದರು. ನನ್ನ ಕಣ್ಣಿನಿಂದ ಒಂದು ಹನಿಯೂ ಬಂದಿರಲಿಲ್ಲ. ಬರುತ್ತಲೂ ಇರಲಿಲ್ಲ. ಚಾಮರಾಜಪೇಟೆಗೆ ವಾಪಸಾಗಿ ಮಾರನೆಯ ದಿನವೇ ಸ್ಕೂಲಿಗೂ ಹೋದೆ.

ಸಂಜೆ ಮನೆಗೆ ಬಂದರೆ ಎಣ್ಣೆಯ ವಾಸನೆ! ನನಗೆ ನೆತ್ತಿಗೇರಿತು. ಇಂಥ ಹೊತ್ತಿನಲ್ಲೂ ಬಜ್ಜಿಯೇ? ಅಡುಗೆಮನೆಗೆ ನುಗ್ಗಿದೆ. ಚಿಕ್ಕಮಾವ ಒಬ್ಬರೇ ಇದ್ದರು. ನಾನು ಬಾಯಿ ತೆರೆಯುವ ಮೊದಲೇ ತಟ್ಟೆಯನ್ನು ಮುಂದಿಟ್ಟು ಮಣೆ ತೋರಿಸಿದರು.

"ಕೂತ್ಕೊ. ತಿನ್ನು."

"ನಂಗೆ ಬೇಡ."

"ಹಸಿವಿಗೆ ಅಂತ ಕೊಡ್ತಿಲ್ಲಮ್ಮ. ಇದು ಭಾರಿ ಖಾರದ ಕಾಯಿ. ತಿಂದ್ರೆ ಕಣ್ಣಲ್ಲಿ ನೀರು ಬಂದೇ ಬರುತ್ತೆ. ಯಾರೂ ಯಾಕೆ ಅಂತ ಕೇಳಲ್ಲ." ಅವರು ಬಾಣಲೆಯ ಕಡೆಗೆ ತಿರುಗಿ ನಿಂತರು. "ನಮ್ಮಣ್ಣ ಹೋದಾಗ ನನ್ನೂ ಎಲ್ರೂ ಗಟ್ಟಿ ಮನುಷ್ಯ ಅಂದಿದ್ರು. ನಿಮ್ಮಪ್ಪನ ಹತ್ರ ನಾನು ತಪ್ಪಾಯ್ತು ಅಂತ ಹೇಳ್ಬೇಕಿತ್ತು. ನಾಳೆ ಹೋಗೋಣ, ನಾಳೆ ಹೋಗೋಣ ಅಂತ... ತಿನ್ನಮ್ಮ ನೀನು."

ಕೂತೆ. ಒಂದನ್ನು ಎತ್ತಿ ಕಚ್ಚಿದೆ. ನುಂಗುವ ಮೊದಲೇ ಎಲ್ಲಿತ್ತೋ ಏನೋ, ಅಷ್ಟು ದಿನದ ಅಳು ಒಟ್ಟಿಗೆ ಬಂತು. ಚಿಕ್ಕ ಹುಡುಗಿಯ ಹಾಗೆ, ಬಾಯಲ್ಲಿ ಬಜ್ಜಿ ಇಟ್ಟುಕೊಂಡೇ, ಹೋ ಎಂದು ಅತ್ತುಬಿಟ್ಟೆ.

ಸದ್ದು ಕೇಳಿ ಅತ್ತೆ ಓಡಿ ಬಂದರು. "ಏನಾಯ್ತು? ಏನಾಯ್ತೇ?"

"ಏನಿಲ್ಲ ಅತ್ತಿಗೆ. ಖಾರ ಹತ್ತಿದೆ ಅಷ್ಟೇ!" ಎಂದು ಚಿಕ್ಕಮಾವ ಗದರಿದರು. ತಿರುಗಿ ನೋಡಲಿಲ್ಲ.

ಅತ್ತೆ ಗಾಬರಿಯಿಂದ ಸಕ್ಕರೆ ಡಬ್ಬಿ ತಂದು ನನ್ನ ಪಕ್ಕದಲ್ಲಿ ಕೂತರು. ಅದೆಂಥ ಖಾರವೋ ನೋಡೋಣ ಎಂದು ತಟ್ಟೆಯಿಂದ ಒಂದು ಬಜ್ಜಿ ಮುರಿದು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ನನ್ನ ಮುಖ ನೋಡಿದರು. ಮೈದುನನ ಬೆನ್ನು ನೋಡಿದರು.

ಆ ಕಾಯಿಯಲ್ಲಿ ಒಂದು ಚೂರೂ ಖಾರವಿರಲಿಲ್ಲ. ಬೀಜವನ್ನೂ ಒಳಗಿನ ನಾರನ್ನೂ ಒಂದೂ ಬಿಡದೆ ತೆಗೆದು ತೊಳೆದಿದ್ದರು.

"ಹೌದು ಕಣೇ" ಎಂದರು ಅತ್ತೆ, ನನ್ನ ಬೆನ್ನ ಮೇಲೆ ಕೈ ಇಟ್ಟು, ಸೆರಗಿನಿಂದ ತಮ್ಮ ಕಣ್ಣನ್ನೂ ಒರೆಸಿಕೊಳ್ಳುತ್ತ. "ಭಾರಿ ಖಾರ."