ಅಕ್ಕ ಸೈಕಲ್ಲಿನಿಂದ ಇಳಿದದ್ದು

ಸೈಕಲ್ ಹತ್ತಲು ಬಾರದವರು ಊರಿಗೆ ನೂರು ಜನ ಸಿಗುತ್ತಾರೆ. ಆದರೆ ಇಳಿಯಲು ಬಾರದೆಯೇ ಐದು ವರ್ಷ ಸೈಕಲ್ ಓಡಿಸಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಾಣುವುದೇನು ಬಂತು, ಅವರ ಕೈಯಡುಗೆ ಉಂಡಿದ್ದೇನೆ! ನನ್ನ ಯಜಮಾನರ ಅಕ್ಕ ಅವರು. ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಹೆಸರು ಬೇಡ. ಹೊಳೆನರಸೀಪುರದ ಸುತ್ತಿನ ಹಳ್ಳಿಗಳಲ್ಲಿ 'ಸೈಕಲ್ ನರ್ಸಮ್ಮ' ಎಂದರೆ ಸಾಕು, ಇವತ್ತಿಗೂ ಮುದುಕರು ಎದ್ದು ಎರಡೂ ಕೈ ಚಾಚುತ್ತಾರೆ. ನಮಸ್ಕಾರಕ್ಕಲ್ಲ, ಹಿಡಿದುಕೊಳ್ಳುವುದಕ್ಕೆ!

ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡ ಅಕ್ಕ ಛಲ ಹಿಡಿದು ಓದಿ, ಹೆರಿಗೆ ಮಾಡಿಸುವ ನರ್ಸಮ್ಮ ಆದರು. ಆಗೆಲ್ಲ ಹಳ್ಳಿಗೆ ಹೋಗಬೇಕೆಂದರೆ ಕಾಲೇ ಗತಿ. ಕೆಲಸಕ್ಕೆ ಸೇರಿದ ವರ್ಷ, ನಾಲ್ಕು ಮೈಲಿ ನಡೆದು ಒಂದು ಮನೆ ತಲುಪುವಷ್ಟರಲ್ಲಿ ಮಗು ಹೋಗಿಬಿಟ್ಟಿತ್ತು. "ಒಂದ್ ಗಳಿಗೆ ಮುಂಚೆ ಬರಬಾರ್ದಾಗಿತ್ತಾ ತಾಯಿ?" ಎಂದು ಆ ಹೆಣ್ಣು ಕೇಳಿದಳಂತೆ. ಮರುದಿನವೇ ಅಕ್ಕ ಹಾಸನದ ಬಸ್ಸು ಹತ್ತಿ ಹೋಗಿ ಒಂದು ಹಳೇ ಸೈಕಲ್ ಕೊಂಡು ತಂದರು.

ಹತ್ತುವುದು ವಾರದಲ್ಲೇ ಬಂತು. ಜಗಲಿಕಟ್ಟೆಯ ಪಕ್ಕ ಸೈಕಲ್ ಒರಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ನೂಕು ನೂಕಿದರೆ ಮುಗಿಯಿತು. ಇಳಿಯುವ ಗಳಿಗೆ ಬಂದಾಗ ಮಾತ್ರ ಕಾಲುಗಳು ಅವರ ಮಾತು ಕೇಳುತ್ತಿರಲಿಲ್ಲ. ಹಾಗಾಗಿ ಹುಲ್ಲಿನ ಮೆದೆಯ ಮೇಲೆ ಇಳಿದರು, ಲೈಟು ಕಂಬ ತಬ್ಬಿಕೊಂಡು ಇಳಿದರು, ಒಮ್ಮೆ ಮಲಗಿದ್ದ ಎಮ್ಮೆಯ ಮೇಲೂ ಇಳಿದರು. ಎಮ್ಮೆಗೆ ಏನೂ ಆಗಲಿಲ್ಲ, ಅಕ್ಕನ ಮುಂಗೈ ಮುರಿಯಿತು. ಕಟ್ಟು ಬಿಚ್ಚಿದ ದಿನವೇ ಮತ್ತೆ ಸೈಕಲ್ ಹತ್ತಿದರು!

"ಸಾಕು ಬಿಡಕ್ಕ, ನಡಕೊಂಡೇ ಹೋಗು" ಎಂದರು ನನ್ನ ಯಜಮಾನರು.

"ಇಳಿಯೋಕೆ ಬರಲ್ಲ ಅಂತ ಹತ್ತೋದೂ ಬಿಟ್ಬಿಡ್ಲೇನೋ?"

ಎಂದವರೇ ಅಕ್ಕ ಸೈಕಲ್ಲನ್ನು ಜಗಲಿಕಟ್ಟೆಯ ಪಕ್ಕಕ್ಕೆ ತಳ್ಳಿದರು.

ಕೊನೆಗೆ ಹಳ್ಳಿಯವರೇ ಒಂದು ಏರ್ಪಾಡು ಮಾಡಿಕೊಂಡರು. ದೂರದಲ್ಲಿ ಗಂಟೆ ಕೇಳಿದ್ದೇ ತಡ, "ನರ್ಸಮ್ಮಾರು ಬಂದ್ರು, ಇಡ್ಕಳ್ರಲಾ!" ಎಂದು ಒಬ್ಬ ಹ್ಯಾಂಡಲ್ ಹಿಡಿಯುತ್ತಿದ್ದ, ಇನ್ನೊಬ್ಬ ಸೀಟು ಹಿಡಿಯುತ್ತಿದ್ದ. ಅಕ್ಕ ಮಹಾರಾಣಿಯಂತೆ ಇಳಿಯುತ್ತಿದ್ದರು. ಒಂದು ಮಧ್ಯಾಹ್ನ ಹೋಗಬೇಕಾದ ಊರಿನಲ್ಲಿ ಹಿಡಿಯುವವರಿಲ್ಲ. ಮುಂದಿನ ಊರಿನಲ್ಲೂ ಇಲ್ಲ. ತುಳಿದರು, ತುಳಿದರು, ತುಳಿಯುತ್ತಲೇ ಹೋದರು! ಕೊನೆಗೆ ಅರಕಲಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಅವರ ಗುರುತಿದ್ದ ಒಬ್ಬ ಕಂಡಕ್ಟರ್ ಓಡಿಬಂದು ಹಿಡಿದುಕೊಂಡ.

"ಅಲ್ಲ ತಾಯಿ, ಅಷ್ಟ್ ದೂರ್ದಿಂದ ಅರಕಲಗೂಡ್ಗೆ ಏನ್ ಕೆಲ್ಸಕ್ ಬಂದ್ರಿ?"

"ಇಳಿಯೋದಕ್ಕೆ!" ಎಂದರು ಅಕ್ಕ.

ನಿಜವಾಗಿ ಅಕ್ಕ ಇಳಿಯುತ್ತಿದ್ದದ್ದು ಕನಸಿನಲ್ಲಿ. ಮದುವೆಯ ಹೊಸತರಲ್ಲಿ ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ಬೆಳಿಗ್ಗೆ ಕಾಫಿ ಲೋಟ ಹಿಡಿದು, ಕಣ್ಣು ಅರ್ಧ ಮುಚ್ಚಿ ಶುರುಮಾಡುತ್ತಿದ್ದರು. "ನಿನ್ನೆ ಹೇಮಾವತಿ ಮೇಲೇ ಸೈಕಲ್ ಬಿಟ್ಕೊಂಡು ಹೋದೆ ಕಣೇ. ನೀರು ಸಾರಿಸಿದ ಅಂಗಳದ ಹಾಗಿತ್ತು. ನಡು ಹೊಳೇಲಿ ಇಳಿದೆ. ಸೀರೆ ಅಂಚೂ ನೆನೀಲಿಲ್ಲ!" ಇನ್ನೊಂದು ದಿನ ಚನ್ನರಾಯಪಟ್ಟಣದ ಕೆರೆ ಏರಿ, ಹಾಲಿನಂಥ ಬೆಳದಿಂಗಳು. ಸೈಕಲ್ಲು ತಾನೇ ಬಸವನ ಹಾಗೆ ಮಂಡಿಯೂರಿ ಅಕ್ಕನನ್ನು ಇಳಿಸಿತಂತೆ. ಕೇಳುತ್ತಾ ಕೇಳುತ್ತಾ ನಾನೂ ಆ ಬೆಳದಿಂಗಳಲ್ಲಿ ಕ್ಯಾರಿಯರ್ ಮೇಲೆ ಕುಳಿತು ತೇಲಿಹೋಗುತ್ತಿದ್ದೆ. ಒಲೆಯ ಮೇಲೆ ಹಾಲು ಉಕ್ಕಿಹೋಗುತ್ತಿತ್ತು.

"ಹೇಗಕ್ಕ ಇಳಿದ್ರಿ?"

"ಎಚ್ಚರ ಆದ್ಮೇಲೆ ಅದೊಂದೇ ನೆನಪಿರಲ್ಲ ಕಣೇ!"

ಆಮೇಲೆ ಯಜಮಾನರಿಗೆ ಅರಕಲಗೂಡಿನ ರಸ್ತೆಯ ಒಂದು ಹಳ್ಳಿಯ ಶಾಲೆಗೆ ವರ್ಗವಾಯಿತು. ನಾನು ಬಸುರಿ. ದಿನ ತುಂಬಲು ಇನ್ನೂ ಹದಿನೈದು ದಿನವಿದೆ ಎಂದುಕೊಂಡು ಅವರು ಹಾಸನಕ್ಕೆ ಹೋದರು. ಅವತ್ತೇ ನೋವು ಶುರುವಾಗಬೇಕೇ! ಸುಗ್ಗಿಯ ಕಾಲ, ಊರಿಗೆ ಊರೇ ರಾಗಿ ಕಣದಲ್ಲಿತ್ತು. ಪಕ್ಕದ ಮನೆಯ ಅಜ್ಜಿ ಹೊಳೆನರಸೀಪುರದ ಬಸ್ಸಿನ ಡ್ರೈವರನ ಕೈಲಿ ಅಕ್ಕನಿಗೆ ಹೇಳಿಕಳಿಸಿ, ಬಂದು ನನ್ನ ಕೈ ಹಿಡಿದು ಕುಳಿತರು.

ಎಷ್ಟು ಹೊತ್ತಾಯಿತೋ. ದೂರದಲ್ಲಿ ಸೈಕಲ್ ಗಂಟೆ ಕೇಳಿಸಿತು.

"ನರ್ಸಮ್ಮಾರು ಬಂದ್ರು ಕಣವ್ವಾ! ಅಯ್ಯೋ, ಇಡ್ಕಳಕ್ಕೆ ಒಬ್ಬ ಗಂಡುಸ್ರೂ ಇಲ್ವಲ್ಲಾ!"

ಗಂಟೆಯ ಸದ್ದು ಮನೆಯ ಮುಂದೆ ಬಂತು, ಆಮೇಲೆ ಕೇಳಿಸಲೇ ಇಲ್ಲ. ಮುಗಿಯಿತು, ಅಕ್ಕ ಅರಕಲಗೂಡಿಗೆ ಹೋದರು ಎಂದು ಕಣ್ಣು ಮುಚ್ಚಿಕೊಂಡೆ.

ಹಣೆಯ ಮೇಲೆ ಒಂದು ಬೆವೆತ ಕೈ ಬಂತು. "ಬಂದಿದೀನಿ ಕಣೇ, ಹೆದರಬೇಡ."

ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತಂತೆ. "ಒಂದು ಗಳಿಗೆ ತಡ ಆಗಿದ್ರೆ..." ಎನ್ನುತ್ತಲೇ ಅಕ್ಕ ಮಗುವಿನ ಬೆನ್ನು ತಟ್ಟಿದರು. ಮಗಳು ಜೋರಾಗಿ ಅತ್ತಳು. ಅವಳನ್ನು ಒರೆಸಿ ನನ್ನ ಪಕ್ಕ ಮಲಗಿಸಿದ ಮೇಲೆ ನಾನು ಕೇಳಿದೆ:

"ಅಕ್ಕಾ, ನಿಮ್ಮನ್ನ ಹಿಡಕೊಂಡೋರು ಯಾರು?"

ಕೈ ಒರೆಸಿಕೊಳ್ಳುತ್ತಿದ್ದವರು ಹಾಗೇ ನಿಂತರು. "ಹೌದಲ್ಲೇ! ಯಾರು ಹಿಡಕೊಂಡ್ರು?"

ಬಾಗಿಲಿಗೆ ಓಡಿದರು. ಬೇವಿನ ಮರದ ಕೆಳಗೆ ಸೈಕಲ್ ನೆಟ್ಟಗೆ ನಿಂತಿತ್ತು.

"ಸ್ಟ್ಯಾಂಡೂ ಹಾಕಿದೀನಲ್ಲೇ!"

ಹೇಗೆ ಇಳಿದೆ ಎಂಬುದು ಮಾತ್ರ ಎಷ್ಟು ಯೋಚಿಸಿದರೂ ಅವರಿಗೆ ನೆನಪಾಗಲಿಲ್ಲ. ಮುಖ ಬಿಳಿಚಿಕೊಂಡಿತು. ಒಳಗೆ ಬಂದು ನನ್ನ ಪಕ್ಕ ಕುಳಿತು, ಕೈ ಚಾಚಿದರು. "ಒಂದ್ಸಲ ಚಿವುಟೇ. ಇಲ್ಲ, ಬೇಡ, ಚಿವುಟಬೇಡ. ಇದು ಕನಸಾಗಿದ್ರೆ ಮಗೂನೂ ಕನಸಾಗಿಬಿಡುತ್ತೆ."

ನಾನು ಚಿವುಟಲಿಲ್ಲ. ಅವರ ಬೆರಳನ್ನು ಮಗಳ ಪುಟ್ಟ ಅಂಗೈಯಲ್ಲಿಟ್ಟೆ. ಅವಳು ಗಟ್ಟಿಯಾಗಿ ಹಿಡಿದುಕೊಂಡಳು.