ಪಕ್ಕದ ಮನೆ ಬ್ಯಾಂಡು, ನಮ್ಮ ಮನೆ ಪಿಟೀಲು

ಸಂಗೀತ ಬಲ್ಲ ಹೆಂಡತಿ, ಏನೂ ಬಾರದ ಗಂಡ: ಇಂಥ ಸಂಸಾರ ಸುಖವಾಗಿರಬೇಕಾದರೆ ಗಂಡನಿಗೆ ತಲೆಯಾಡಿಸಲು ಬಂದರೆ ಸಾಕು. ಹೆಣ್ಣು ನೋಡಲು ಮೈಸೂರಿಗೆ ಹೋದಾಗ ಮಾವನವರು, "ಸಂಗೀತ ಅಂದ್ರೆ ಇಷ್ಟವೇ?" ಎಂದು ಕೇಳಿದ್ದರು. ನನ್ನ ಬಾಯಿ ತುಂಬ ಕೇಸರಿಬಾತು. ತಲೆಯಾಡಿಸಿದೆ. ಮದುವೆಯಾಗಿ ಹೋಯಿತು.

ಎಂಬತ್ತರ ದಶಕದಲ್ಲಿ ನಾವು ಅಮೆರಿಕದ ಕ್ಯಾಂಪ್‌ಬೆಲ್ ಎಂಬ ಊರಿನಲ್ಲಿದ್ದಾಗ ಪಕ್ಕದ ಮನೆಯಲ್ಲಿ ಹೆರಾಲ್ಡನ ಸಂಸಾರವಿತ್ತು. ಸಂಸಾರ ಎನ್ನುವುದಕ್ಕಿಂತ ಮೇಳ ಎನ್ನಬೇಕು. ಅವನದು ಬ್ಯಾಂಜೊ, ಹೆಂಡತಿಯದು ಗಿಟಾರು, ಮಗಳದು ಮ್ಯಾಂಡೊಲಿನ್, ಮುದಿ ತಂದೆಯದು ಪಿಟೀಲು. ಆ ತಾತ ಆ ದೇಶದ ಪೂರ್ವದ ಬೆಟ್ಟಗಳಲ್ಲಿ ಹುಟ್ಟಿದವರು. ಬರುವಾಗ ಅಲ್ಲಿನ ಹಾಡುಗಳನ್ನೂ ಕಟ್ಟಿಕೊಂಡು ಬಂದಿದ್ದರು. ಬೇಲಿಯಾಚೆ ಬ್ಯಾಂಜೊ ಶುರುವಾದರೆ ನಮ್ಮ ಸ್ಟೀಲ್ ಲೋಟಗಳೂ ತಾಳ ಹಾಕುತ್ತಿದ್ದವು.

ಒಂದು ಶುಕ್ರವಾರ ತಾತ ಏಪ್ರಿಕಾಟ್ ಹಣ್ಣು ಕೀಳಲು ಏಣಿ ಹತ್ತಿ, ಬಿದ್ದು, ಮಣಿಕಟ್ಟು ಮುರಿದುಕೊಂಡರು. ಭಾನುವಾರ ಅವರ ಎಂಬತ್ತನೇ ಹುಟ್ಟುಹಬ್ಬಕ್ಕೆಂದು ಪಾರ್ಕಿನಲ್ಲಿ ಕಾರ್ಯಕ್ರಮವಿತ್ತು. ದೂರದ ನೆಂಟರೆಲ್ಲ ಆಗಲೇ ಹೊರಟಾಗಿತ್ತು. ಹೆರಾಲ್ಡ್ ಟೋಪಿ ಕೈಯಲ್ಲಿ ಹಿಡಿದು ನಮ್ಮ ಬಾಗಿಲಿಗೆ ಬಂದ. "ನಿಮ್ಮ ಮನೆಯಿಂದ ಪಿಟೀಲು ಕೇಳಿಸುತ್ತೆ. ಅಪ್ಪನ ಬದಲು ನುಡಿಸ್ತೀರಾ?" ಎಂದು ನನ್ನ ಹೆಂಡತಿ ವಿಮಲಾಳನ್ನು ಕೇಳಿದ.

ಇವಳು ನನ್ನ ಕಡೆ ತಿರುಗಿ, "ರೀ, ಮದುವೆಯಾದ್ಮೇಲೆ ನಾಲ್ಕು ಜನರ ಮುಂದೆ ನುಡಿಸಿಲ್ಲ. ಅಲ್ದೆ ನಂಗೆ ನಿಂತ್ಕೊಂಡು ನುಡ್ಸೋಕೆ ಬರಲ್ಲ!" ಎಂದಳು. ಒಳಗಿನಿಂದ ನಮ್ಮ ಮಗಳು, "ಅಮ್ಮಾ, ಪ್ಲೀಸ್ ಡೋಂಟ್ ಸಿಟ್ ಆನ್ ದ ಫ್ಲೋರ್!" ಎಂದು ಕೂಗಿದಳು.

ಆದರೂ ತಾತನ ಬಾಡಿದ ಮುಖ ನೋಡಲಾಗದೆ ಒಪ್ಪಿ, ಹಾಡು ಕಲಿಯಲು ಪಕ್ಕದ ಮನೆಗೆ ಹೋದಳು. ತಾತ ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಹಾಡನ್ನು ಬಾಯಲ್ಲೇ ಹೇಳಿಕೊಟ್ಟರು. ಇವಳ ಕಣ್ಣರಳಿತು. "ರೀ, ಇದು ಮೋಹನ ರಾಗ ಅಲ್ವೇನ್ರೀ!" ನಾನು ತಲೆಯಾಡಿಸಿದೆ.

ಭಾನುವಾರ ವಿಮಲಾ ಕಾಂಚೀಪುರಂ ಸೀರೆಯುಟ್ಟು, ವೇದಿಕೆಯ ಮೇಲೆ ನಮ್ಮ ಮನೆಯ ಬೆಡ್‌ಶೀಟ್ ಹಾಸಿ ಚಕ್ಕಂಬಕ್ಕಳ ಹಾಕಿ ಕೂತಳು. ಮೈಕಿನ ಸ್ಟ್ಯಾಂಡು ಮಾತ್ರ ಎಷ್ಟು ಅದುಮಿದರೂ ಅವಳ ಎತ್ತರಕ್ಕೆ ಇಳಿಯಲೊಲ್ಲದು. "ರೀ, ನೀವೇ ಹಿಡ್ಕೊಳ್ಳಿ." ಐದಾರು ನೂರು ಜನರೆದುರು ನಾನು ಮೈಕು ಹಿಡಿದು ಹೆಂಡತಿಯ ಮುಂದೆ ಮಂಡಿಯೂರಿದೆ.

ಅವರ ಸಂಗೀತದಲ್ಲಿ ಒಬ್ಬೊಬ್ಬರಿಗೂ ಒಂಟಿಯಾಗಿ ನುಡಿಸಲು ಒಂದೊಂದು ಸುತ್ತು. ಇವಳ ಸರದಿ ಬಂದಾಗ ಮೊದಲು ಕಮಾನು ಕಿರುಗುಟ್ಟಿತು. ಆಮೇಲೆ ಕಣ್ಣು ಮುಚ್ಚಿಕೊಂಡಳು ನೋಡಿ, ಬೆಟ್ಟದ ಹಾಡಿಗೆ ಗಮಕ ಬಂತು, ಸ್ವರಗಳ ಸರಮಾಲೆ ಬಂತು, ಸುತ್ತಿನ ಮೇಲೆ ಸುತ್ತು ಬಂತು. ಹೆರಾಲ್ಡ್ ತನ್ನ ಸರದಿಗೆಂದು ಎರಡು ಸಲ ನುಗ್ಗಲು ನೋಡಿ ಹಿಂದೆ ಸರಿದ. ನನ್ನ ತೋಳು ಜೋಮು ಹಿಡಿಯಿತು. "ಸಾಕು ಕಣೇ" ಎಂದು ಪಿಸುಗುಟ್ಟಿದೆ. ಅದು ಮೈಕಿನಲ್ಲಿ ಇಡೀ ಪಾರ್ಕಿಗೆ ಕೇಳಿಸಿತು. ಕನ್ನಡ ಬಾರದಿದ್ದರೂ ಅರ್ಥವಾದವರಂತೆ ತಾತ ಎದ್ದು ನಿಂತು, ಪ್ಲಾಸ್ಟರಿನಿಂದಲೇ ಕಣ್ಣೊರೆಸಿಕೊಂಡು, "ನಿಲ್ಲಿಸಬೇಡ ಮಗಳೇ!" ಎಂದು ಕೂಗಿದರು. ನೆಲದಲ್ಲಿ ಕೂರಬೇಡ ಎಂದಿದ್ದ ನಮ್ಮ ಮಗಳು ಕುರ್ಚಿ ಹತ್ತಿ, "ದಟ್ಸ್ ಮೈ ಮಾಮ್!" ಎಂದು ಕುಣಿಯುತ್ತಿದ್ದಳು.

ಕೊನೆಗೆ ಹೆರಾಲ್ಡ್ ಮೇಳದವರನ್ನೆಲ್ಲ ಪರಿಚಯಿಸಿದ. "ಪಿಟೀಲು, ವಿಮಲಾ!" ಚಪ್ಪಾಳೆ. ಆಮೇಲೆ ಏಳಲಾಗದೆ ಕೂತಿದ್ದ ನನ್ನನ್ನು ನೋಡಿ ಒಂದು ಕ್ಷಣ ತಡವರಿಸಿ, "ಮತ್ತು ಇವರು... ಸ್ಟ್ಯಾಂಡು!" ಎಂದ. ಆ ಸಂಜೆಯ ಅತಿ ದೊಡ್ಡ ಚಪ್ಪಾಳೆ ಅದೇ.

ಮುಂದಿನ ತಿಂಗಳು ಅವನ ಫೋನು ಬಂತು. ಎತ್ತಿದವನು ನಾನೇ. ಪಕ್ಕದೂರು ಸರಟೋಗಾದಲ್ಲಿ ಕಾರ್ಯಕ್ರಮ, ವಿಮಲಾ ಬರುತ್ತಾರಾ ಎಂದು ಕೇಳಿದ. ಬರ್ತಾಳೆ ಎಂದೆ.

"ಸ್ಟ್ಯಾಂಡು?"

ಒಳಗೆ ವಿಮಲಾ ಶ್ರುತಿ ಮಾಡಿಕೊಳ್ಳುತ್ತಿದ್ದಳು. ನಾನು ಭುಜ ನೀವಿಕೊಳ್ಳುತ್ತಾ, "ಅದೂ ಬರುತ್ತೆ" ಎಂದೆ.