ಅಣ್ಣ ಹಲ್ಲಿನ ಸಂದಿ ಮುಚ್ಚಿಸಿದ್ದು

ರಾಯಚೂರು ಜಿಲ್ಲೆಯಲ್ಲಿ ಹಲ್ಲಿನ ಸಂದಿಯಿಂದಲೇ ಹೊಟ್ಟೆ ಹೊರೆದವನು ಅಂದರೆ ನನ್ನಣ್ಣ ಒಬ್ಬನೇ! ನಗಬೇಡಿರಿ. ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಮಾಲು ಪರೀಕ್ಷೆ ಮಾಡುವುದು ಅವನ ಕೆಲಸ. ಮುಂದಿನ ಎರಡು ಹಲ್ಲುಗಳ ನಡುವಿನ ಸಂದಿಗೆ ಒಂದು ಅಕ್ಕಿಕಾಳು ಇಟ್ಟು ನಾಲಿಗೆಯಿಂದ ನೂಕುತ್ತಿದ್ದ. ಹೊರಗೆ ಹಾರಿದರೆ ಸಣ್ಣಕ್ಕಿ, ಸಿಕ್ಕಿಕೊಂಡರೆ ದಪ್ಪಕ್ಕಿ! ಸಿರವಾರದ ವ್ಯಾಪಾರಿಗಳು ವಾದಕ್ಕೆ ನಿಂತರೆ ಗಿರಣಿ ಸಾಹುಕಾರರು, "ಸುಮ್ಕಿರ್ರಿ, ಅವನ ಹಲ್ಲು ಏನಂತದ ಕೇಳೂಣು" ಎನ್ನುತ್ತಿದ್ದರು. ಜಡ್ಜ್ ಸಾಹೇಬರ ತೀರ್ಪಿಗಾದರೂ ಅಪೀಲು ಉಂಟು, ಈ ಹಲ್ಲಿನ ತೀರ್ಪಿಗೆ ಇರಲಿಲ್ಲ.

ಇಂಥ ಅನ್ನ ಕೊಡುವ ಸಂದಿಯನ್ನು ಮುಚ್ಚಿಸಲು ಅವನು ಹತ್ತು ವರ್ಷ ಒದ್ದಾಡಿದ. ಯಾಕೆ? ನನ್ನಿಂದ.

ದೇವದುರ್ಗದಲ್ಲಿ ನನ್ನ ಮದುವೆ. ಅಕ್ಷತೆ ಹಾಕುವಾಗ ಅಣ್ಣ ಬಾಯ್ತುಂಬ ನಕ್ಕ. ಆ ಸಂದಿ ಕಂಡು ನನ್ನ ಗಂಡನ ತಂಗಿಯರು, ನಾದಿನಿಯರು, ಒಬ್ಬರನ್ನೊಬ್ಬರು ತಿವಿದು ಕಿಸಕ್ಕೆಂದರು. ಬಾಸಿಂಗ ಕಟ್ಟಿಕೊಂಡೇ ಅಣ್ಣನ ಕಿವಿಯಲ್ಲಿ ಅಂದುಬಿಟ್ಟೆ: "ಅಣ್ಣಾ, ಇವರ ಮುಂದ ಬಾಯಿ ತೆರೀಬ್ಯಾಡ. ನನ್ನ ಮಾನ ಹೋಗ್ತದ."

ನಾಲ್ಕನೇ ಇಯತ್ತೆ ಓದಿದ ನನ್ನ ಬಾಯಿಗೆ ಎಂಥ ಮಾತು ಬಂತು ನೋಡಿ! ಅದನ್ನು ಮಾಸ್ತರರು ಕಲಿಸಿರಲಿಲ್ಲ. ಅಂದಿನಿಂದ ಅಣ್ಣ ಪ್ರತಿ ಹಬ್ಬಕ್ಕೂ ನಮ್ಮ ಮನೆಗೆ ಬಂದ, ಒಮ್ಮೆಯೂ ನಗಲಿಲ್ಲ. ನನ್ನ ಗಂಡ ಎಷ್ಟೇ ಚೇಷ್ಟೆ ಮಾಡಲಿ, ತುಟಿ ಬಿಗಿದು ಬರೀ "ಹ್ಞೂಂ"!

ಒಂದು ಸಲ ಸಂದಿಗೆ ಜೇನುಮೇಣ ತುಂಬಿಕೊಂಡು ಬಂದ. ಸಂದಿ ಮಾಯ! ಖುಷಿಯಲ್ಲಿ ನಾನೇ ಬಿಸಿ ಬಿಸಿ ಚಹಾ ಕೊಟ್ಟೆ. ಮೇಣ ಮೆತ್ತಗಾಗಿ ಕಪ್ಪಿನೊಳಗೆ ಬಿದ್ದು ತೇಲಿತು. ನನ್ನ ಗಂಡ ಇಣುಕಿ ನೋಡಿ, "ಕೆನಿ ಭಾಳ ಬಂದದಲ್ರೀ!" ಅಂದರು.

ಎಂಬತ್ತರ ದಶಕದ ಕೊನೆಗೆ ರಾಯಚೂರಿನ ಹಲ್ಲಿನ ಡಾಕ್ಟರೊಬ್ಬರು, "ಹೈದರಾಬಾದಿನಾಗ ಹಲ್ಲಿನ ಮ್ಯಾಲ ಉಗುರಿನಷ್ಟು ತೆಳ್ಳಗ ಪಿಂಗಾಣಿ ಅಂಟಸ್ತಾರ. ಸಂದಿ ಮುಚ್ಚತದ" ಎಂದರಂತೆ. ಪಿಂಗಾಣಿ ಎಂದದ್ದೇ ತಡ, ಅಣ್ಣ ಎದುರಿನ ಹೋಟೆಲಿಗೆ ನುಗ್ಗಿದ. ಕಪ್ಪಿನ ಕೆಳಗಿಡುವ ಪಿಂಗಾಣಿ ಬಸಿಗಳನ್ನು ಒಂದೊಂದಾಗಿ ಹಲ್ಲಿನ ಹತ್ತಿರ ಹಿಡಿದು ಕನ್ನಡಿಯಲ್ಲಿ ಬಣ್ಣ ಹೋಲಿಸತೊಡಗಿದ.

"ಏನ್ರೀ, ಚಹಾ ಕುಡಿಯಾಕ ಬಂದೀರೋ, ಬಸಿ ಕಡಿಯಾಕ ಬಂದೀರೋ?" ಹೋಟೆಲಿನವನು ಕೇಳಿದ.

"ಸ್ಯಾಂಪಲ್ ನೋಡಾಕತ್ತೀನ್ರಿ."

ಅಕ್ಕಿ ಗಿರಣಿಯವನಲ್ಲವೇ! ಬಣ್ಣ ಹೊಂದಿದ ಬಸಿಯೊಂದನ್ನು ಕೊಂಡು ಹೈದರಾಬಾದಿಗೂ ಒಯ್ದ. ಅಲ್ಲಿಯ ಡಾಕ್ಟರು ಬಸಿಯನ್ನು ಮರ್ಯಾದೆಯಿಂದ ಹಿಂದಿರುಗಿಸಿ, ಹಲ್ಲಿನ ಅಚ್ಚು ತೆಗೆದುಕೊಂಡರು. ಮೂರು ಸಲ ಓಡಾಡಿದ ಮೇಲೆ ಸಂದಿ ಮುಚ್ಚಿತು.

ಸಾಹುಕಾರರು ತಲೆಯ ಮೇಲೆ ಕೈಹೊತ್ತರು. "ಲೇ, ನನ್ನ ಜರಡಿನ ಮುಚ್ಚಿಸ್ಕೊಂಡು ಬಂದೆಲ್ಲೋ!" ಮರುದಿನದಿಂದ ಅಣ್ಣನನ್ನು ಚೀಲ ಹೊಲಿಯಲು ಹಚ್ಚಿದರು.

ಆ ವಾರವೇ ಅವನು ದೇವದುರ್ಗಕ್ಕೆ ಬಂದ. ನಮ್ಮ ಬಾಗಿಲಲ್ಲಿ ನಿಂತು, ನನ್ನ ನಾದಿನಿಯರ ಎದುರಿಗೇ, ಬಾಯ್ತುಂಬ ನಕ್ಕ. ಹಲ್ಲು ಎಷ್ಟು ಚೆಂದ ಕಾಣುತ್ತಿದ್ದವು! ನನಗೆ ಮಾತ್ರ ನಗು ಬರಲಿಲ್ಲ.

"ಅಣ್ಣಾ, ಮದುವಿ ದಿನ ನಾ ಆ ಮಾತು ಅನಬಾರದಿತ್ತು."

"ಯಾವ ಮಾತು ಯವ್ವಾ? ನನಗ ನೆನಪಿಲ್ಲ."

ನೆನಪೇ ಇಲ್ಲದ ಮಾತಿಗಾಗಿ ಮೂರು ಸಲ ಹೈದರಾಬಾದಿಗೆ ಹೋಗಿ ಬಂದಿದ್ದ, ನನ್ನಣ್ಣ!

ಗಟ್ಟಿ ಪದಾರ್ಥ ಕಡಿಯಬಾರದೆಂದು ಡಾಕ್ಟರು ಹೇಳಿದ್ದರಂತೆ. ಒಳಗೆ ಹೋಗಿ ಕಣ್ಣು ಒರೆಸಿಕೊಂಡು, ಜೋಳದ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತಂದುಕೊಟ್ಟೆ. ನನಗಿನ್ನೂ ಹಲ್ಲು ಬಂದಿರದಾಗ ಅವನು ನನಗೆ ಹೀಗೆಯೇ ತಿನ್ನಿಸುತ್ತಿದ್ದನೆಂದು ಅವ್ವ ಹೇಳುತ್ತಿದ್ದಳು.